ಹತ್ತರ ನಾಣ್ಯ ಯಾರಿಗೂ ಬೇಡವಂತೆ

ಅರಸೀಕೆರೆ ಬಸ್ ಸ್ಟ್ಯಾಂಡ್ ಹತ್ತಿರ ನಮ್ಮ ಸೋದರಮಾವನದ್ದೊಂದು ಸಣ್ಣ ಹೋಟೆಲ್ ಇದೆ. ಗಲ್ಲಾದಲ್ಲಿ ಕೂರುವ ಹುಡುಗ ಸರಿಯಾಗಿ ಹುಣ್ಣಿಮೆಯ ದಿನವೇ ಅಕ್ಕನ ಮದುವೆ ಅಂತ ರಜೆ ಹಾಕಿದ್ದ. ಆ ಊರಲ್ಲಿ ಹುಣ್ಣಿಮೆ ಅಂದರೆ ತಮಾಷೆಯಲ್ಲ. ಜೇನುಕಲ್ಲು ಸಿದ್ದೇಶ್ವರನ ಬೆಟ್ಟಕ್ಕೆ ಹೋಗುವ ಜನ ಬಸ್ಸಿನಲ್ಲಿ, ರೈಲಿನಲ್ಲಿ ಬಂದು ಇಳಿಯುತ್ತಲೇ ಇರುತ್ತಾರೆ. ರಜೆಗೆ ಅಂತ ಹೋಗಿದ್ದ ನನ್ನನ್ನು ಮಾವ ಹಿಡಿದು ಕೂರಿಸಿದರು. “ಒಂದಿನ ಕೂತ್ಕೊಳಮ್ಮ, ದುಡ್ಡು ಇಸ್ಕೊಳೋದು, ಚಿಲ್ಲರೆ ಕೊಡೋದು, ಅಷ್ಟೇ.”

ಅಷ್ಟೇ ಅನ್ನುವುದರಲ್ಲೇ ಎಲ್ಲ ಇದೆ. ಕಾಫಿ ಹದಿನೈದು, ಇಡ್ಲಿ ವಡೆ ನಲವತ್ತೈದು. ಯಾವ ಬಿಲ್ ಆದರೂ ಐದೋ ಹತ್ತೋ ವಾಪಸ್ ಕೊಡಲೇಬೇಕು. ಫೋನ್‌ಪೇ ಬಂದ ಮೇಲೆ ಚಿಲ್ಲರೆ ತಾಪತ್ರಯ ಮುಗಿಯಿತು ಅಂತ ಬೆಂಗಳೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಗಲ್ಲಾದ ಈ ಕಡೆ ಕೂತರೆ ಲೆಕ್ಕವೇ ಬೇರೆ. ಮೊದಲು ಕಾಫಿ ಕುಡಿದವರು ಜೇಬು ತಡಕಿ ಹತ್ತು, ಐದು ಹೊಂದಿಸಿ ಕೊಡುತ್ತಿದ್ದರು. ಅಂಥವರೆಲ್ಲ ಈಗ ಫೋನು ತೋರಿಸಿ ಹೋಗುತ್ತಾರೆ. ಆ ಚಿಲ್ಲರೆ ಈಗ ಗಲ್ಲಾಕ್ಕೆ ಬರುವುದೇ ಇಲ್ಲ. ನಗದು ಕೊಡುವವರು ಉಳಿದರಲ್ಲ, ಅವರ ಕೈಯಲ್ಲಿ ಎಟಿಎಂನಿಂದ ಬಂದ ಐನೂರರ ನೋಟು. ಬೆಳಗ್ಗೆ ಏಳು ಗಂಟೆಗೆ ಒಂದು ಕಾಫಿಗೆ ಐನೂರು!

ಗಲ್ಲಾದಲ್ಲಿದ್ದ ಹತ್ತರ ನೋಟುಗಳ ಸ್ಥಿತಿ ನೋಡಿದರೆ ಅಯ್ಯೋ ಅನಿಸುತ್ತಿತ್ತು. 2018ರಲ್ಲಿ ಬಂದ ಚಾಕೊಲೇಟ್ ಬಣ್ಣದ ನೋಟು ಅದು, ಹಿಂದೆ ಕೊನಾರ್ಕದ ಚಕ್ರ ಇರುತ್ತದೆ. ಇಲ್ಲಿ ಅರ್ಧ ನೋಟುಗಳಲ್ಲಿ ಚಕ್ರ ಎಲ್ಲಿದೆ ಅಂತ ಹುಡುಕಬೇಕು. ಸಾಂಬಾರಿನ ಕೈ, ಹೂವಿನವರ ಒದ್ದೆ ಕೈ, ಬೆವರಿನ ಜೇಬು ಎಲ್ಲವನ್ನೂ ಸುತ್ತಿ ಬಂದು ಮೆತ್ತಗಾಗಿದ್ದವು. ಎರಡು ಮೂರಕ್ಕೆ ಸೆಲ್ಲೋ ಟೇಪ್ ಹಚ್ಚಿತ್ತು. ನೋಟು ಅಚ್ಚು ಹಾಕುವ ದೇಶದ ನಾಲ್ಕು ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಹತ್ತರ ಪ್ಲಾಸ್ಟಿಕ್ ನೋಟನ್ನು ಐದು ಊರುಗಳಲ್ಲಿ ಪ್ರಯೋಗಕ್ಕೆ ಬಿಡುತ್ತೇವೆ ಅಂತ 2014ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತ್ತು. ಆ ಐದರಲ್ಲೂ ಮೈಸೂರು ಇತ್ತು, ಜೊತೆಗೆ ಕೊಚ್ಚಿ, ಜೈಪುರ, ಶಿಮ್ಲಾ, ಭುವನೇಶ್ವರ. ಅಂಥ ನೋಟು ಇನ್ನೂ ನಮ್ಮ ಮಾವನ ಗಲ್ಲಾ ತಲುಪಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಹತ್ತರ ನೋಟು ಖಾಲಿಯಾದವು. ಏನು ಮಾಡೋಣ ಅಂತ ಮಾವನನ್ನು ಕೇಳಿದರೆ ಅವರು ಮೇಜಿನ ಕೆಳಗೆ ಕೈ ತೋರಿಸಿದರು. ಅಲ್ಲಿ ಹಳೇ ಡಾಲ್ಡಾ ಡಬ್ಬಿ. ಎತ್ತಲು ಹೋದರೆ ಏಳಲಿಲ್ಲ. ತುಂಬ ಹತ್ತು ರೂಪಾಯಿ ನಾಣ್ಯ.

“ಇಷ್ಟೊಂದು ಇಟ್ಕೊಂಡು ಚಿಲ್ಲರೆ ಇಲ್ಲ ಅಂತಿದ್ದೀರಲ್ಲ ಮಾವ?”

“ಕೊಟ್ಟು ನೋಡು, ಗೊತ್ತಾಗುತ್ತೆ.”

ಕೊಟ್ಟು ನೋಡಿದೆ. ಮೊದಲನೆಯವರು ಅಂಗೈ ಮೇಲಿಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ, “ಅಕ್ಕ, ಇದು ನಡೆಯಲ್ಲ, ನೋಟು ಕೊಡಿ” ಅಂದರು. ಎರಡನೆಯವರು ನೋಡಲೂ ಇಲ್ಲ. ಒಬ್ಬ ಹೆಂಗಸು ಮೇಲ್ಗಡೆ ಗೆರೆ ಎಣಿಸಿದರು. ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಅಂತ ಅವರಿಗೆ ಯಾರೋ ಹೇಳಿದ್ದರಂತೆ. ಇನ್ನೊಬ್ಬರಿಗೆ ರೂಪಾಯಿ ಚಿಹ್ನೆ ಇಲ್ಲದ್ದು ಬೇಡ. ಚಿಹ್ನೆ ಹುಟ್ಟಿದ್ದೇ 2010ರಲ್ಲಿ. ಅದಕ್ಕೂ ಮೊದಲು ಟಂಕಸಾಲೆಯಿಂದ ಬಂದ ನಾಣ್ಯದ ಮೇಲೆ ಅದು ಎಲ್ಲಿಂದ ಬರಬೇಕು? ಹತ್ತರ ನಾಣ್ಯ ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಪ್ರಕಟಣೆ ಕೊಟ್ಟಿತ್ತು. ನಾನು ಅದನ್ನು ಹೇಳಿದೆ. ಸಾವಿರ ರೂಪಾಯಿವರೆಗೆ ನಾಣ್ಯದಲ್ಲಿ ಕೊಟ್ಟರೂ ಅದು ಕಾನೂನು ಒಪ್ಪಿದ ಹಣ, 2011ರ ನಾಣ್ಯ ಕಾಯ್ದೆಯಲ್ಲಿ ಹಾಗೇ ಇದೆ ಅಂತಲೂ ಹೇಳಿದೆ. ಆ ಮನುಷ್ಯ ಪೂರ್ತಿ ಕೇಳಿಸಿಕೊಂಡು, “ಸರಿ ಅಕ್ಕ, ನೀವು ಹೇಳೋದು ನಿಜ. ನಮ್ಮೂರ ಅಂಗಡಿಯವನಿಗೆ ಯಾರು ಹೇಳ್ತಾರೆ?” ಅಂದ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ನಾಣ್ಯದ ಮೇಲೆ ಅನುಮಾನವೇನೂ ಇಲ್ಲ. ಮುಂದಿನವನು ತಗೊಳ್ಳುವುದಿಲ್ಲ ಅನ್ನುವ ಅನುಮಾನ ಅಷ್ಟೇ. ಎಲ್ಲರೂ ಮುಂದಿನವನನ್ನು ತೋರಿಸುತ್ತಾರೆ. ಆ ಮುಂದಿನವನನ್ನು ನಾನಂತೂ ಇನ್ನೂ ನೋಡಿಲ್ಲ.

ಮಾವ ಯಾರು ಕೊಟ್ಟರೂ ಬೇಡ ಅನ್ನುವುದಿಲ್ಲ. ಹಾಗಾಗಿ ಊರಿನ ಹತ್ತರ ನಾಣ್ಯವೆಲ್ಲ ಇವರ ಡಬ್ಬಿಗೆ ಬಂದು ಬೀಳುತ್ತದೆ. ಬ್ಯಾಂಕಿಗೆ ಕಟ್ಟಲು ಹೋದರೆ ಕ್ಯಾಷಿಯರ್, “ಎಣಿಸೋಕೆ ಜನ ಇಲ್ಲ, ಇನ್ನೊಂದಿನ ಬನ್ನಿ” ಅನ್ನುತ್ತಾರಂತೆ. ಬ್ಯಾಂಕುಗಳು ನಾಣ್ಯ ಬೇಡ ಅನ್ನುವಂತಿಲ್ಲ. ನೂರು ನೂರರಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದರೆ ಅನುಕೂಲ ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೂ ಇದೆ. ಮಾವ ಹಾಗೆ ಕಟ್ಟಿಯೂ ಒಯ್ದಿದ್ದರು. ಹತ್ತರ ಒಂದು ನಾಣ್ಯ 7.71 ಗ್ರಾಂ. ನೂರು ನಾಣ್ಯಕ್ಕೆ ಮುಕ್ಕಾಲು ಕೆಜಿಗೂ ಜಾಸ್ತಿ. “ಅಂಥ ಚೀಲ ಹೊತ್ಕೊಂಡು ಹೋಗಿ ಹೊತ್ಕೊಂಡು ವಾಪಸ್ ಬರೋ ಕರ್ಮ ನನಗ್ಯಾಕೆ?” ಅನ್ನುವುದು ಅವರ ವಾದ.

ಮಧ್ಯಾಹ್ನದ ಹೊತ್ತಿಗೆ ಒಂದು ವಿಷಯ ಗಮನಕ್ಕೆ ಬಂತು. ಎಲ್ಲರೂ ಬೇಡ ಅನ್ನುತ್ತಿರಲಿಲ್ಲ. ಬೆಟ್ಟಕ್ಕೆ ಹೊರಟವರು ತಗೊಳ್ಳುತ್ತಿದ್ದರು, ಕೆಲವರಂತೂ “ಇನ್ನೊಂದೆರಡು ಇದ್ದರೆ ಕೊಡಿ” ಅಂತ ಕೇಳಿ ಇಸಿದುಕೊಂಡರು. ಹುಂಡಿಗೆ ಹಾಕಲು, ದಾರಿಯಲ್ಲಿ ಕೂತವರಿಗೆ ಕೊಡಲು. ಬೆಟ್ಟ ಇಳಿದು ಬಂದವರು ಮಾತ್ರ ನೋಟೇ ಬೇಕು ಅಂತ ಹಟ ಹಿಡಿಯುತ್ತಿದ್ದರು. ಇದನ್ನು ಹೇಳಿದಾಗ ಮಾವ ನಕ್ಕರು. “ಸಿದ್ದಪ್ಪ ಗೆರೆ ಎಣಿಸಲ್ಲ ಕಣಮ್ಮ.” ಯಾವ ದೇವಸ್ಥಾನದಲ್ಲೇ ಆಗಲಿ, ಹುಂಡಿ ಒಡೆದು ಎಣಿಸಿದ ಮೇಲೆ ಆ ನಾಣ್ಯ ಹೋಗುವುದು ಬ್ಯಾಂಕಿಗೇ. ಅಲ್ಲಿಂದ ಅಂಗಡಿಯವರಿಗೆ, ಅಲ್ಲಿಂದ ಡಾಲ್ಡಾ ಡಬ್ಬಿಗೆ.

ಊಟದ ರಷ್ ಮುಗಿಯುವ ಹೊತ್ತಿಗೆ ಊದಿನಕಡ್ಡಿ ಮಾರುವವರೊಬ್ಬರು ಬಂದರು. ಅವರಿಗೆ ಕಣ್ಣು ಕಾಣುವುದಿಲ್ಲ. ರೈಲಿನಲ್ಲಿ ಮಾರುತ್ತಾ ಬಂದು ಇಲ್ಲಿ ಇಳಿದು ಊಟ ಮಾಡಿ ಹೋಗುವುದು ರೂಢಿಯಂತೆ. ದಿನವಿಡೀ ಬೈಸಿಕೊಂಡಿದ್ದ ನಾನು ಆಮೇಲೆ ಬಂದದ್ದರಲ್ಲಿ ಎತ್ತಿಟ್ಟಿದ್ದ ಒಂದೆರಡು ಒಳ್ಳೇ ನೋಟನ್ನು ಅವರಿಗೆ ಕೊಡಲು ಹೋದೆ. “ಬಿಲ್ಲೆ ಇಲ್ವಾ ಅಮ್ಮ? ಬಿಲ್ಲೆನೇ ಕೊಡಿ” ಅಂದರು. ಯಾಕೆ ಅಂತ ಕೇಳಿದೆ. ಅವರು ಜೇಬಿನಿಂದ ಎರಡು ನೋಟು ತೆಗೆದು ಮೇಜಿನ ಮೇಲಿಟ್ಟರು. ಒಂದು ಹತ್ತು, ಒಂದು ಇಪ್ಪತ್ತು. “ಕಣ್ಣು ಮುಚ್ಕೊಂಡು ಹೇಳಿ ನೋಡೋಣ, ಯಾವುದು ಯಾವುದು ಅಂತ.”

ಕಣ್ಣು ಮುಚ್ಚಿ ಸವರಿದೆ. ಏನೂ ಗೊತ್ತಾಗಲಿಲ್ಲ. ಆಮೇಲೆ ಅಳತೆ ನೋಡಿದೆ. ಹೊಸ ಹತ್ತರ ನೋಟು 123 ಮಿಲಿಮೀಟರ್ ಉದ್ದ, ಇಪ್ಪತ್ತರದ್ದು 129. ಅಗಲ ಎರಡಕ್ಕೂ 63. ಆರು ಮಿಲಿಮೀಟರ್ ವ್ಯತ್ಯಾಸವನ್ನು ಮಡಚಿ ಮುದುಡಿದ ನೋಟಿನಲ್ಲಿ ಬೆರಳಿಂದ ಕಂಡುಹಿಡಿಯಬೇಕು! ನೂರು ಮತ್ತು ಅದಕ್ಕಿಂತ ದೊಡ್ಡ ನೋಟುಗಳಲ್ಲಿ ಕಣ್ಣು ಕಾಣದವರಿಗೆ ಅಂತ ಉಬ್ಬಿದ ಗುರುತು ಇರುತ್ತದೆ, ಹತ್ತು ಇಪ್ಪತ್ತರಲ್ಲಿ ಅದೂ ಇಲ್ಲ. ನೋಟಿನ ಬೆಲೆ ಓದಿ ಹೇಳುವ ‘ಮಣಿ’ ಅನ್ನುವ ಆ್ಯಪನ್ನು ರಿಸರ್ವ್ ಬ್ಯಾಂಕ್ 2020ರಲ್ಲಿ ಬಿಟ್ಟಿದೆ. ಓಡುವ ರೈಲಿನಲ್ಲಿ, ಒಂದು ಕೈಯಲ್ಲಿ ಊದಿನಕಡ್ಡಿ ಕಟ್ಟು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದವರು ಫೋನ್ ಎಲ್ಲಿ ಹಿಡಿಯುವುದು?

ನಾಣ್ಯ ಅವರಿಗೆ ಸುಲಭ. ಹತ್ತರದ್ದರಲ್ಲಿ ಎರಡು ಲೋಹ ಸೇರುವ ಕಡೆ ಉಗುರಿಗೆ ಸಣ್ಣ ಅಂಚು ಸಿಗುತ್ತದೆ. ಇಪ್ಪತ್ತರ ನಾಣ್ಯಕ್ಕೆ ಹನ್ನೆರಡು ಮೂಲೆ. ಒಂದು, ಎರಡು ರೂಪಾಯಿ ನಾಣ್ಯಗಳು ಮಾತ್ರ ಈಗಲೂ ಗೊಂದಲ ಮಾಡುತ್ತವೆ ಅಂದರು. ಕಣ್ಣಿದ್ದವರಿಗೂ ಮಾಡುತ್ತವೆ ಬಿಡಿ. ಡಬ್ಬಿಯಿಂದ ಎಣಿಸಿ ಕೊಟ್ಟೆ. ಅವರು ತಮ್ಮ ಹತ್ತಿರವಿದ್ದ ಹತ್ತರ ನೋಟುಗಳನ್ನೂ ಕೊಟ್ಟು ಅದಕ್ಕೂ ಬಿಲ್ಲೆ ಇಸಿದುಕೊಂಡರು. ಇಡೀ ದಿನದಲ್ಲಿ ಇಬ್ಬರಿಗೂ ಲಾಭವಾದ ವ್ಯವಹಾರ ಅದೊಂದೇ.

ಅವರು ಹೋದ ಮೇಲೆ ನಾನೂ ಮಾವನೂ ವಾದಕ್ಕೆ ಕೂತೆವು. ಹತ್ತರ ನೋಟು ಅಚ್ಚು ಹಾಕುವುದನ್ನೇ ನಿಲ್ಲಿಸಬೇಕು ಅನ್ನುವುದು ನನ್ನ ವಾದ. ಮಾವ ಖರ್ಚಿನ ಮಾತು ತೆಗೆದರು. ಅದೂ ನಿಜವೇ. 2018ರ ಲೆಕ್ಕದಲ್ಲಿ ಹತ್ತರ ನಾಣ್ಯ ಮಾಡಲು ಐದೂವರೆ ರೂಪಾಯಿ ಬೀಳುತ್ತಿತ್ತು, ನೋಟಿಗೆ ಒಂದು ರೂಪಾಯಿ ಆಸುಪಾಸು. ಆದರೆ ನೋಟು ಬೇಗ ಹರಿಯುತ್ತದೆ, ಮತ್ತೆ ಅಚ್ಚು ಹಾಕಬೇಕು. ನಾಣ್ಯ ನಮ್ಮ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಟ್ರ್ಯಾಕ್ಟರ್ ಚಿತ್ರದ ಐದರ ನೋಟು ಮಾವನಿಗೆ ಚೆನ್ನಾಗಿ ನೆನಪಿದೆ. ಒಂದು ರೂಪಾಯಿ ನೋಟಿನ ಮುದ್ರಣ 1994ರಲ್ಲಿ, ಎರಡು ಮತ್ತು ಐದರದ್ದು 1995ರಲ್ಲಿ ನಿಂತಿತ್ತು. ಆಮೇಲೆ ಒಂದರದ್ದೂ ಐದರದ್ದೂ ಸ್ವಲ್ಪ ಮಟ್ಟಿಗೆ ಮತ್ತೆ ಅಚ್ಚಾದರೂ ಅಷ್ಟರಲ್ಲಿ ಜನ ನಾಣ್ಯಕ್ಕೆ ಒಗ್ಗಿಹೋಗಿದ್ದರು. ಐದರ ನಾಣ್ಯ ನಕಲಿ ಅಂತ ಇವತ್ತು ಯಾರಾದರೂ ಗೆರೆ ಎಣಿಸುತ್ತಾರಾ? ಹತ್ತರದ್ದು ಮಾತ್ರ 2009ರಿಂದ ಚಲಾವಣೆಯಲ್ಲಿದ್ದರೂ ಇನ್ನೂ ಹೊಸ ಸೊಸೆಯಂತೆ ಬಾಗಿಲಲ್ಲೇ ನಿಂತಿದೆ. ಪಕ್ಕದಲ್ಲೇ ನೋಟು ಸಿಗುವಾಗ ನಾಣ್ಯವನ್ನು ಯಾರು ಕೇಳುತ್ತಾರೆ? ಟೊರಾಂಟೊದಲ್ಲಿರುವ ನನ್ನ ತಂಗಿ ಹೇಳುವುದೂ ಇದನ್ನೇ. ಕೆನಡಾದಲ್ಲಿ 1987ರಲ್ಲಿ ಡಾಲರ್ ನಾಣ್ಯ ತಂದು, ಎರಡೇ ವರ್ಷಕ್ಕೆ ನೋಟು ನಿಲ್ಲಿಸಿಬಿಟ್ಟರು. ಜನ ಗೊಣಗಿ ಸುಮ್ಮನಾದರು. ಅಮೆರಿಕದಲ್ಲಿ ನೋಟನ್ನೂ ಇಟ್ಟುಕೊಂಡು ನಾಣ್ಯವನ್ನೂ ಹೊರಡಿಸಿದರು. ಅದು ಗೋದಾಮಿನಲ್ಲಿ ಗುಡ್ಡೆ ಬಿದ್ದು, ದಿನಬಳಕೆಗೆ ಅಂತ ಮಾಡುವುದನ್ನೇ 2011ರ ಕೊನೆಗೆ ನಿಲ್ಲಿಸಬೇಕಾಯಿತು.

“ಹಂಗಾದ್ರೆ ಇಪ್ಪತ್ತರದ್ದೂ ನಾಣ್ಯನೇ ಆಗಲಿ” ಅಂದರು ಮಾವ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಪರ್ಸು ಹೊರುವವಳು ನಾನು. 8.54 ಗ್ರಾಂನ ಆ ನಾಣ್ಯ ನೋಡಲು ಚಂದ, ಹೊರಲು ಅಲ್ಲ. ಆ ಊದಿನಕಡ್ಡಿಯವರನ್ನು ಕೇಳಿದರೆ ಮಾವನ ಕಡೆಯೇ ಮತ ಹಾಕುತ್ತಾರೆ ಅನ್ನುವುದೂ ನನಗೆ ಗೊತ್ತು. ಅವರಿಗೋಸ್ಕರ ನೋಟಿನ ಅಳತೆಯನ್ನು ಸರಿ ಮಾಡಲಿ, ನನ್ನ ಭುಜ ಯಾಕೆ ಎಳೆಯಬೇಕು?

ಸಂಜೆ ಗಲ್ಲಾ ಲೆಕ್ಕ ಹಾಕುವಾಗ ಒಬ್ಬ ಕಂಡಕ್ಟರ್ ಕಾಫಿಗೆ ಬಂದ. ಮಾವನಿಗೆ ಹಳೇ ಪರಿಚಯ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸೊನ್ನೆ ಟಿಕೆಟ್ಟು, ಗಂಡಸರಲ್ಲಿ ಅರ್ಧ ಜನ ಫೋನು, ಬ್ಯಾಗಿಗೆ ಚಿಲ್ಲರೆ ಬೀಳುವುದೇ ಇಲ್ಲ ಅಂತ ಅವನ ಗೋಳು. ನನಗೆ ಖುಷಿಯಾಯಿತು. ಡಬ್ಬಿಯನ್ನು ಅವನ ಮುಂದೆ ತಳ್ಳಿದೆ. “ತಗೊಳ್ಳಿ ಅಣ್ಣ, ಎಷ್ಟು ಬೇಕೋ ಅಷ್ಟು.”

ಅವನು ಇಣುಕಿ ನೋಡಿ ತಲೆಯಾಡಿಸಿದ. “ಹತ್ತರದ್ದು ಕೊಟ್ರೆ ಪ್ಯಾಸೆಂಜರ್ ಹತ್ರ ಜಗಳ. ಐದರದ್ದು ಇದ್ರೆ ಕೊಡಿ, ಇನ್ನೂರು ರೂಪಾಯಿದು.”

“ಐದರದ್ದಾ?” ಅಂದರು ಮಾವ. “ಅದನ್ನ ನಾನೇ ನಿನ್ನ ಹತ್ರ ಕೇಳ್ಬೇಕು ಅಂತಿದ್ದೆ.”