ಗೇರುಸೊಪ್ಪೆಯವರೆಗೆ, ಹೊಳೆ ಬದಿಯಲ್ಲೇ

ಹೊನ್ನಾವರದಿಂದ ಜೋಗಕ್ಕೆ ಹೋಗುವ ಹೆಚ್ಚಿನವರಿಗೆ ಗೇರುಸೊಪ್ಪೆ ಅಂದರೆ ಘಟ್ಟ ಹತ್ತುವ ಮೊದಲು ಚಾ ಕುಡಿಯುವ ಜಾಗ, ಅಷ್ಟೆ. ಅಲ್ಲಿವರೆಗಿನ ಸುಮಾರು 30 ಕಿಲೋಮೀಟರ್ ಬೇಗ ಮುಗಿದರೆ ಸಾಕು ಅಂತ ಗಾಡಿ ಓಡಿಸುತ್ತಾರೆ. ಬಲಗಡೆ ತೋಟಗಳಾಚೆ ಶರಾವತಿ ಇರುತ್ತದೆ. ಯಾರೂ ಆ ಕಡೆ ತಿರುಗುವುದಿಲ್ಲ. ಇದು ನನಗೆ ತುಂಬಾ ಬೇಜಾರಿನ ವಿಷಯ. ಯಾಕೆಂದರೆ ಈ ರಸ್ತೆ ಬರುವುದಕ್ಕೆ ನೂರಾರು ವರ್ಷ ಮೊದಲೇ ಇಲ್ಲಿ ಒಂದು ದೊಡ್ಡ ದಾರಿ ಇತ್ತು. ಆ ದಾರಿ ಈ ಹೊಳೆಯೇ.

ಈ ಸಲ ದೀಪಾವಳಿ ಮುಗಿದ ಮೇಲೆ ಮಾವನನ್ನು ಕರೆದುಕೊಂಡು ಹೊರಟೆ. ಮಾವ ಈಗ ಶಿರಸಿಯಲ್ಲಿದ್ದಾನೆ. ಆದರೆ ಹುಟ್ಟಿ ಬೆಳೆದದ್ದು ಶರಾವತಿಯ ನಡುಗಡ್ಡೆ ಮಾವಿನಕುರ್ವೆಯ ಕಡೆ. ಶಾಲೆ, ಪೇಟೆ, ಮದುವೆ, ಎಲ್ಲದಕ್ಕೂ ತಾರಿ ದೋಣಿಯೇ. ಜೋಗಕ್ಕೆ ಹೋಗುವುದು ಬೇಡ, ಗೇರುಸೊಪ್ಪೆಯವರೆಗೆ ಮಾತ್ರ, ಎಲ್ಲೆಲ್ಲಿ ಹೊಳೆ ಕಾಣುತ್ತದೋ ಅಲ್ಲೆಲ್ಲ ನಿಲ್ಲೋಣ ಅಂತ ಮೊದಲೇ ಮಾತಾಗಿತ್ತು.

ಹೊನ್ನಾವರದಲ್ಲಿ ಅಳಿವೆ ನೋಡಿದೆವು. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇರುವುದು ಇಲ್ಲೇ, 2 ಕಿಲೋಮೀಟರಿಗೂ ಜಾಸ್ತಿ. ಅದರ ಉದ್ದ ನೋಡಿದರೇ ಹೊಳೆ ಇಲ್ಲಿ ಎಷ್ಟು ಅಗಲ ಅಂತ ಗೊತ್ತಾಗುತ್ತದೆ. ಇಳಿತದ ಹೊತ್ತು. ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ಬಗ್ಗಿ ಬಳಚು, ಅಂದರೆ ಚಿಪ್ಪುಮೀನು, ಆಯುತ್ತಿದ್ದರು. ಒಬ್ಬಾಕೆ ಬುಟ್ಟಿ ಹೊತ್ತು ದಡಕ್ಕೆ ಬಂದಳು. ಬುಟ್ಟಿಯ ತಳ ಮಾತ್ರ ತುಂಬಿತ್ತು. ಕೇಳಿದ್ದಕ್ಕೆ, "ಮೊದಲಿನಷ್ಟು ಎಲ್ಲಿ ಸಿಗ್ತದೆ ಅಮ್ಮಾ, ನೀರೇ ಸಪ್ಪೆ ಆಗೋಗಿದೆ" ಅಂದಳು.

ಅವಳ ಮಾತು ಸರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುತ್ ಮಾಡಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಬರುತ್ತದೆ. ಮೊದಲು ಮಳೆ ನಿಂತ ಮೇಲೆ ಸಮುದ್ರದ ಉಪ್ಪುನೀರು ಮೇಲಕ್ಕೆ ಏರುತ್ತಿತ್ತು. ಈಗ ಸಿಹಿನೀರು ಅದನ್ನು ತಳ್ಳಿ ಹಿಡಿಯುತ್ತದೆ. ಬಳಚಿಗೆ ಉಪ್ಪು ಬೇಕು. ಪಕ್ಕದ ಕುಮಟಾದ ಅಘನಾಶಿನಿ ಹೊಳೆಗೆ ಅಣೆಕಟ್ಟಿಲ್ಲ. ಅಲ್ಲಿ ಬಳಚು ಇಲ್ಲಿಗಿಂತ ಹೆಚ್ಚು ಸಿಗುತ್ತದೆ. ಮನೆಯಲ್ಲಿ ನಾವು ಹಾಕುವ ಒಂದು ದೀಪಕ್ಕೂ ಈ ಬುಟ್ಟಿಗೂ ಇಷ್ಟು ಹತ್ತಿರದ ಸಂಬಂಧ ಇದೆ ಅಂತ ನಾನು ಅಲ್ಲಿವರೆಗೆ ಯೋಚಿಸಿರಲಿಲ್ಲ.

ಊರು ದಾಟಿದ ಮೇಲೆ ರಸ್ತೆ ಒಮ್ಮೆ ಹೊಳೆಯ ಹತ್ತಿರ ಬರುತ್ತದೆ, ಒಮ್ಮೆ ದೂರ ಹೋಗುತ್ತದೆ. ತೆಂಗು, ಅಡಿಕೆ, ಚಿರೆಕಲ್ಲಿನ ಕಟ್ಟೆ, ಮತ್ತೆ ತೆಂಗು. ಕವಲಕ್ಕಿ ದಾಟಿದ ಮೇಲೆ ಒಂದು ಕಡೆ ತೋಟದ ಸಂದಿಯಲ್ಲಿ ಕಾಲುದಾರಿ ಕಂಡಿತು. ಮಾವ ಗಾಡಿ ನಿಲ್ಲಿಸಲು ಹೇಳಿದ. ಇಳಿದು ಹೋದರೆ ಹಳೇ ದಕ್ಕೆ, ದೋಣಿ ಕಟ್ಟುವ ಜಾಗ. ನಾಲ್ಕಾರು ಕಲ್ಲಿನ ಮೆಟ್ಟಿಲು ಸೀದಾ ನೀರಿಗೆ ಇಳಿದಿದ್ದವು. ಕೆಳಗಿನವು ಪಾಚಿ ಕಟ್ಟಿದ್ದವು. ಮೇಲಿನ ಮೆಟ್ಟಿಲಿನ ಅಂಚು ಒಂದು ಕಡೆ ಸವೆದು ತಗ್ಗಾಗಿತ್ತು. "ಹಗ್ಗ ತಾಗಿ ತಾಗಿ ಆದದ್ದು" ಅಂತ ಮಾವ ಆ ತಗ್ಗಿನಲ್ಲಿ ಬೆರಳಾಡಿಸಿದ. ನಾನೂ ಮುಟ್ಟಿ ನೋಡಿದೆ. ನುಣ್ಣಗಿತ್ತು.

ಆಮೇಲೆ ಅವನು ಒಂದು ತೆಂಗಿನ ಗರಿಯ ಚೂರು ನೀರಿಗೆ ಎಸೆದ. ಅದು ಸಮುದ್ರದ ಕಡೆ ಹೋಗಬೇಕಿತ್ತಲ್ವಾ? ನಿಧಾನಕ್ಕೆ ಘಟ್ಟದ ಕಡೆ ಹೊರಟಿತು.

"ನೋಡು ತಂಗೀ, ಹೊಳೆ ಈಗ ಹಿಂದೆ ಹೋಗ್ತಾ ಇದ್ದು. ಈ ಹೊತ್ತಿಗೆ ದೋಣಿ ಬಿಟ್ರೆ ಹುಟ್ಟು ಜಾಸ್ತಿ ಹಾಕದೇ ಬೇಡ."

ಇಲ್ಲಿನ ಚರಿತ್ರೆಯೆಲ್ಲ ನಿಂತಿರುವುದು ಇದರ ಮೇಲೆ. ಉಬ್ಬರದಲ್ಲಿ ದೋಣಿ ಮೇಲಕ್ಕೆ, ಇಳಿತದಲ್ಲಿ ಕೆಳಕ್ಕೆ. ಘಟ್ಟದ ಮೇಲಿನ ಕಾಳುಮೆಣಸು ಹೊರೆಯಾಗಿ ಗೇರುಸೊಪ್ಪೆಗೆ ಇಳಿಯುತ್ತಿತ್ತು. ಅಲ್ಲಿ ದೋಣಿ ಹತ್ತಿ ಹೊನ್ನಾವರಕ್ಕೆ, ಹೊನ್ನಾವರದಲ್ಲಿ ಹಡಗು ಹತ್ತಿ ಹೊರದೇಶಕ್ಕೆ. ದೋಣಿ ಮೇಲಕ್ಕೆ ಬರುವ ದಾರಿ ಮುಗಿಯುವ ಕಡೆ, ಘಟ್ಟದ ಬುಡದಲ್ಲಿ, ಒಂದು ರಾಜಧಾನಿ ಎದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ರಾಣಿ ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದ್ದು ಅಲ್ಲಿಂದಲೇ. ಐವತ್ತಕ್ಕೂ ಹೆಚ್ಚು ವರ್ಷ! ಪೋರ್ಚುಗೀಸರು ಅವಳ ಜೊತೆ ಯುದ್ಧವನ್ನೂ ಮಾಡಿದರು, ವ್ಯಾಪಾರವನ್ನೂ ಮಾಡಿದರು. ಕಾಳುಮೆಣಸಿನ ರಾಣಿ ಅಂತ ಕರೆದವರೂ ಅವರೇ. ನಮ್ಮ ಶಾಲೆಯಲ್ಲಿ ಅವಳ ಬಗ್ಗೆ ಒಂದು ಸಾಲೂ ಹೇಳಿಕೊಟ್ಟ ನೆನಪು ನನಗಿಲ್ಲ. ಅವಳದೇ ಜಿಲ್ಲೆಯ ಮಕ್ಕಳು ನಾವು.

ಉಪ್ಪೋಣಿಯ ಮೇಲೆ ಹೋದಂತೆ ಹೊಳೆ ಕಿರಿದಾಗುತ್ತದೆ. ಎರಡೂ ಕಡೆ ಗುಡ್ಡ ಹತ್ತಿರ ಬರುತ್ತವೆ, ನೀರಿನ ಬಣ್ಣ ಹಸಿರಿಗೆ ತಿರುಗುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಇದೇ ನೀರಿನ ಮೇಲೆ ಹೋಗಿದ್ದ. ಇಕ್ಕೇರಿಯಲ್ಲಿದ್ದ ಕೆಳದಿಯ ದೊರೆ ವೆಂಕಟಪ್ಪ ನಾಯಕನ ಹತ್ತಿರ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಅವನಿದ್ದ. ಮಳೆಗಾಲ ಕಳೆದ ಇಂಥದೇ ಹೊತ್ತು. ಹೊಳೆಯ ಚಂದ ಅವನಿಗೆ ಬಹಳ ಹಿಡಿಸಿತು. ಆದರೆ ಗೇರುಸೊಪ್ಪೆಯಲ್ಲಿ ಅವನಿಗೆ ಕಂಡದ್ದು ಹಾಳು ಬಿದ್ದ ಅರಮನೆ, ಅದರ ಮೇಲೆ ಬೆಳೆದ ಮರ, ರೈತರ ಕೆಲವು ಗುಡಿಸಲು. ರಾಜ್ಯ ಕೆಳದಿಯವರ ಕೈಗೆ ಹೋಗಿ ಆಗ ಇಪ್ಪತ್ತು ವರ್ಷವೂ ಆಗಿರಲಿಲ್ಲ. ಒಂದು ಲಕ್ಷ ಮನೆ, 84 ಬಸದಿ ಇದ್ದವು ಅಂತ ಹಿಂದಿನಿಂದ ಹೇಳಿಕೊಂಡು ಬಂದ ಊರು ಅದು. ಲೆಕ್ಕ ಹೆಚ್ಚಾಗಿದೆ ಅಂತಲೇ ಇಟ್ಟುಕೊಳ್ಳೋಣ. ಆದರೂ ಇಷ್ಟು ಬೇಗ ಕಾಡು ನುಂಗಿತಲ್ಲ ಅಂತ ಮನಸ್ಸಿಗೆ ಒಂಥರಾ ಆಗುತ್ತದೆ.

ಗೇರುಸೊಪ್ಪೆಯಲ್ಲಿ ಸೇತುವೆ ದಾಟಿ ನಗರಬಸ್ತಿಕೇರಿಗೆ ಹೋದೆವು. ಕಾಡಿನ ನಡುವೆ ಚತುರ್ಮುಖ ಬಸದಿ. ಮೇಲೆ ಶಿಖರವಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಒಳಗೆ ಒಬ್ಬ ತೀರ್ಥಂಕರ ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದಾನೆ. ನಾನು ಚಪ್ಪಲಿ ಬಿಟ್ಟು ಸುಮ್ನೆ ಒಂದು ಬಾಗಿಲಿಂದ ಇನ್ನೊಂದಕ್ಕೆ ಸುತ್ತು ಹಾಕಿದೆ. ಬಿಸಿಲು ಬಿದ್ದ ಕಡೆ ಕಲ್ಲು ಅಂಗಾಲು ಸುಡುತ್ತಿತ್ತು, ಒಳಗೆ ಕಾಲಿಟ್ಟರೆ ತಣ್ಣಗೆ. ಬಾವಲಿಗಳ ವಾಸನೆ. ಕಂಬದ ಮೂಲೆಯಲ್ಲಿ ಯಾರೋ ಇಟ್ಟ ದಾಸವಾಳ ಇನ್ನೂ ಬಾಡಿರಲಿಲ್ಲ. ನಾವಿದ್ದಷ್ಟು ಹೊತ್ತೂ ಬೇರೆ ಯಾರೂ ಬರಲಿಲ್ಲ. ಅದೇ ಹೊತ್ತಿಗೆ ಜೋಗದಲ್ಲಿ ಗಾಡಿ ನಿಲ್ಲಿಸಲೂ ಜಾಗ ಇರಲಿಕ್ಕಿಲ್ಲ.

ಈ ಕಣಿವೆಯ ಮೇಲೆ ಈಗ ಹೊಸ ಯೋಜನೆ ಬಂದು ಕೂತಿದೆ. ಮೇಲಿನ ತಲಕಳಲೆ ಜಲಾಶಯಕ್ಕೂ ಕೆಳಗಿನ ಗೇರುಸೊಪ್ಪೆ ಜಲಾಶಯಕ್ಕೂ ನಡುವೆ ಸುರಂಗ ಕೊರೆಯುವುದು. ಬೇಡಿಕೆ ಕಮ್ಮಿ ಇದ್ದಾಗ ನೀರು ಮೇಲೆತ್ತುವುದು, ಜಾಸ್ತಿ ಇದ್ದಾಗ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ವಿದ್ಯುತ್ ತೆಗೆಯುವುದು. ಎತ್ತಲು ಬೇಕಾಗುವ ವಿದ್ಯುತ್ತು ವಾಪಸ್ ಸಿಗುವುದಕ್ಕಿಂತ ಜಾಸ್ತಿಯೇ. ಸುರಂಗ ಹೋಗುವುದು ಸಿಂಗಳೀಕ ಇರುವ ಅಭಯಾರಣ್ಯದ ಕೆಳಗೆ. ವಿದ್ಯುತ್ ಬೇಕು, ನನಗೂ ಗೊತ್ತು. ಆದರೆ ಈ ಹೊಳೆ ಈಗಾಗಲೇ ಲಿಂಗನಮಕ್ಕಿಯಿಂದ ಗೇರುಸೊಪ್ಪೆಯವರೆಗೆ ಕಟ್ಟಿನ ಮೇಲೆ ಕಟ್ಟು ಹೊತ್ತಿದೆ. ಇಲ್ಲೇ ಕೆಳಗೆ 240 ಮೆಗಾವ್ಯಾಟಿನ ಘಟಕ ಇದೆ. ಒಂದೇ ಹೊಳೆಯಿಂದ ಇನ್ನೆಷ್ಟು ತೆಗೆಯುವುದು? ಇಲ್ಲಿನ ಜನ ಬೇಡ ಅನ್ನುತ್ತಿದ್ದಾರೆ. ನಾನೂ ಅವರ ಜೊತೆಗಿದ್ದೇನೆ.

ವಾಪಸ್ ಹೊನ್ನಾವರಕ್ಕೆ ಬಂದು ಮಾವ ಸೀದಾ ದೋಣಿಯವರ ಹತ್ತಿರ ಹೋದ. ಹೊಳೆಯ ಮೇಲೇ ಗೇರುಸೊಪ್ಪೆ ಕಡೆ ಹೋಗಬೇಕು, ಎಲ್ಲಿವರೆಗೆ ಆಗ್ತದೋ ಅಲ್ಲಿವರೆಗೆ ಸಾಕು ಅಂದ. ಚೌಕಾಸಿ ಸ್ವಲ್ಪ ನಡೆಯಿತು.

"ಇವತ್ತು ನಾಳೆ ಬೇಡ ಹೆಗ್ಡೇರೆ, ಹುಣ್ಣಿಮೆ ಹೊತ್ತಿಗೆ ಬನ್ನಿ. ಉಬ್ಬರ ಜೋರು ಇರ್ತದೆ, ಡೀಸೆಲ್ಲೂ ಉಳೀತದೆ. ಊಟ ಮಾತ್ರ ನಿಮ್ಮದೇ ತರ್ಬೇಕು."

ಅವಲಕ್ಕಿ ಮೊಸರು ಸಾಕು ಅಂತ ಮಾವ ಅಲ್ಲೇ ತೀರ್ಮಾನ ಮಾಡಿಬಿಟ್ಟ.