ಶೌಚಾಲಯದ ಬಾಗಿಲು ಹೊರಗಡೆಗೇ ತೆರೆಯಲಿ

ನಾಲ್ಕು ಜನ ಬಳಸುವ ಶೌಚಾಲಯದಲ್ಲಿ ಒಂದೊಂದು ಕೋಣೆಯ ಬಾಗಿಲೂ ಹೊರಗಡೆಗೇ ತೆರೆಯಬೇಕು. ಮಂಡ್ಯದ ಒಂದು ಛತ್ರದಲ್ಲಿ ಮದುವೆ ದಿನ ನಡೆದದ್ದನ್ನು ನೋಡಿದ ಮೇಲೆ ನನಗೆ ಇದರಲ್ಲಿ ಎರಡು ಮಾತಿಲ್ಲ.

ನಮ್ಮ ದೊಡ್ಡಮ್ಮನಿಗೆ ಶುಗರ್ ಇದೆ. ಧಾರೆ ಮುಗಿಯೋವರೆಗೂ ಏನೂ ತಿಂದಿರಲಿಲ್ಲ. ಆಮೇಲೆ ಟಾಯ್ಲೆಟ್‌ಗೆ ಹೋದವರು ತಲೆ ಸುತ್ತಿ ಅಲ್ಲೇ ಬಿದ್ದುಬಿಟ್ಟರು, ಅದೂ ಬಾಗಿಲಿಗೆ ಅಡ್ಡವಾಗಿ. ನಾವು ತಳ್ಳಿದ ರಭಸಕ್ಕೆ ಚಿಲಕ ಕಿತ್ತುಬಂತು, ಆದರೆ ಬಾಗಿಲು ನಾಲ್ಕು ಬೆರಳಿಗಿಂತ ಜಾಸ್ತಿ ಸರಿಯಲಿಲ್ಲ. ಆ ಸಂದಿಯಲ್ಲಿ ಕಂಡಿದ್ದು ಒದ್ದೆ ನೆಲದ ಮೇಲೆ ಅವರ ರೇಷ್ಮೆ ಸೀರೆಯ ಸೆರಗು, ಬಳೆ ತುಂಬಿದ ಒಂದು ಕೈ, ಅಷ್ಟೇ. ಇನ್ನೂ ಜೋರಾಗಿ ತಳ್ಳಿದರೆ ಏಟು ಬೀಳೋದು ಅವರ ಬೆನ್ನಿಗೇ ಅಲ್ವಾ? "ದೊಡ್ಡಮ್ಮ, ಸ್ವಲ್ಪ ಆ ಕಡೆ ಸರ್ಕೊಳ್ಳಿ" ಅಂತ ಕೂಗಿದೆ. ನರಳಾಟ ಬಿಟ್ಟರೆ ಉತ್ತರವಿಲ್ಲ.

ಲೈಟಿಂಗ್ ಹುಡುಗ ಸ್ಕ್ರೂಡ್ರೈವರ್ ಹಿಡಿದು ಓಡಿಬಂದ. ಹಿಂಜ್ ಬಿಚ್ಚೋಣ ಅಂದರೆ ಅದೂ ಒಳಗೇ. ಒಳಕ್ಕೆ ತೆರೆಯುವ ಬಾಗಿಲಿನ ಹಿಂಜ್ ಒಳಗಡೆಗೇ ಇರುತ್ತದೆ, ಹೊರಗೆ ನಿಂತವರ ಕೈಗೆ ಸಿಗೋದಿಲ್ಲ. ಕೊನೆಗೆ ಪಿವಿಸಿ ಬಾಗಿಲಿನ ಕೆಳಭಾಗ ಕಿತ್ತು, ತೆಳ್ಳಗಿದ್ದ ತಂಗಿ ಮಗಳು ತೂರಿಕೊಂಡು ಹೋಗಿ ಅವರನ್ನು ಪಕ್ಕಕ್ಕೆ ಸರಿಸಿದಳು. ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಈಗ ಆರಾಮಾಗಿದ್ದಾರೆ.

ಅಂಗವಿಕಲರ ಶೌಚಾಲಯದ ಬಾಗಿಲು ಹೊರಗೆ ತೆರೆಯಬೇಕು ಇಲ್ಲವೇ ಪಕ್ಕಕ್ಕೆ ಜಾರಬೇಕು, 900 ಮಿ.ಮೀ. ದಾರಿ ಬಿಡಬೇಕು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಸರಿಯಾದ ಮಾತು. ಆದರೆ ಬಿಪಿ ಶುಗರ್ ಇರೋರು, ಬಸುರಿಯರು, ವಯಸ್ಸಾದವರು ಎಲ್ಲರೂ ಹೋಗೋದು ಮಾಮೂಲಿ ಟಾಯ್ಲೆಟ್‌ಗೇ. ಅವರು ಬಿದ್ದರೆ?

(ಹೊರಗಿನ ದೊಡ್ಡ ಬಾಗಿಲು ಬೇರೆ ವಿಷಯ. ಏರ್‌ಪೋರ್ಟ್‌ಗಳಲ್ಲಿ ಇರುವ ಹಾಗೆ ಅಡ್ಡಗೋಡೆ ಕಟ್ಟಿ ಬಾಗಿಲನ್ನೇ ತೆಗೆದುಬಿಟ್ಟರೆ ಇನ್ನೂ ಒಳ್ಳೆಯದು, ಕೈ ತೊಳೆದ ಮೇಲೆ ಮತ್ತೆ ಹಿಡಿ ಮುಟ್ಟಬೇಕಾಗಿಲ್ಲ.)

ಮೈಸೂರಲ್ಲಿ ನನ್ನ ತಮ್ಮ ಮನೆ ಕಟ್ಟಿಸುತ್ತಿದ್ದಾನೆ. ಚೌಕಟ್ಟು ನಿಲ್ಲಿಸೋ ಮೊದಲೇ ಮೇಸ್ತ್ರಿ ಹತ್ತಿರ ಮಾತಾಡಿದೆ. "ಹೊರಗೆ ತೆಗೆದ್ರೆ ಓಡಾಡೋರಿಗೆ ಬಡಿಯುತ್ತೆ ಅಕ್ಕಾ" ಅಂದರು. ಅದೂ ನಿಜವೇ, ನಡುಮನೆಯಿಂದ ಬರುವ ದಾರಿ ಇಕ್ಕಟ್ಟು. ಹಾಗಾಗಿ ಅಲ್ಲಿ ಜಾರುವ ಬಾಗಿಲು ಹಾಕುವುದು ಅಂತಾಯಿತು. ಅಮ್ಮನ ರೂಮಿನ ಬಾತ್‌ರೂಮಿಗೆ ಮಾತ್ರ ಹೊರಗೆ ತೆರೆಯುವ ಬಾಗಿಲೇ, ಚಿಲಕವೂ ನಾಣ್ಯ ಹಾಕಿ ತಿರುಗಿಸಿದರೆ ಹೊರಗಿನಿಂದ ತೆಗೆಯಲು ಬರುವಂಥದ್ದು.