ಜಸ್ಟಿಸ್ ಆಲ್ಬಂನಲ್ಲಿ ಬೇಸ್ ಯಾಕೆ ಕೇಳಿಸಲ್ಲ ಅನ್ನೋರಿಗೆ

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೇಳಿಸಬಾರದು ಅಂತ ಬ್ಯಾಂಡಿನವರೇ ತೀರ್ಮಾನ ಮಾಡಿದರು, ಅದಕ್ಕೇ ಕೇಳಿಸಲ್ಲ. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ‘...ಆಂಡ್ ಜಸ್ಟಿಸ್ ಫಾರ್ ಆಲ್’ ಬಂದದ್ದು 1988ರಲ್ಲಿ. ಮಿಕ್ಸಿಂಗ್, ಅಂದರೆ ಪ್ರತಿ ವಾದ್ಯದ ಸದ್ದು ಎಷ್ಟಿರಬೇಕೆಂದು ಹೊಂದಿಸುವ ಕೆಲಸ, ಮಾಡಿದವರು ಸ್ಟೀವ್ ಥಾಂಪ್ಸನ್ ಮತ್ತು ಮೈಕಲ್ ಬಾರ್ಬಿಯೆರೊ. ಬೇಸ್ ಗಿಟಾರನ್ನು, ಅಂದರೆ ತಗ್ಗಿನ ಸ್ವರ ನುಡಿಸುವ ಗಿಟಾರನ್ನು, ಕೇಳಿಸೀತೋ ಇಲ್ಲವೋ ಅನ್ನುವಷ್ಟು ಇಳಿಸು ಅಂತ ಡ್ರಮ್ಮರ್ ಲಾರ್ಸ್ ಉಲ್ರಿಕ್ ಹೇಳಿದ, ಇಳಿಸಿದ ಮೇಲೆ ಇನ್ನೂ ಇಳಿಸು ಅಂದ ಎಂದು ಥಾಂಪ್ಸನ್ ಸಂದರ್ಶನಗಳಲ್ಲಿ ಹೇಳಿದ್ದಾರೆ. ಪಕ್ಕದಲ್ಲಿದ್ದ ಗಾಯಕ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ತಡೆಯಲಿಲ್ಲ.

ಇನ್ನೂ ಕಾರಣ ಬೇಕು ಅಂದರೆ ಇವೆ. ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್ ಹೆಟ್‌ಫೀಲ್ಡ್‌ನ ರಿದಮ್ ಗಿಟಾರನ್ನೇ ಸ್ವರಕ್ಕೆ ಸ್ವರ ಹಿಂಬಾಲಿಸಿ ನುಡಿಸಿದ್ದ. ಆ ಗಿಟಾರಿನ ಸದ್ದಿನಲ್ಲೇ ತಗ್ಗಿನ ಸ್ಥಾಯಿ ತುಂಬಿ ತುಳುಕುತ್ತಿತ್ತು. ಒಂದೇ ಜಾಗಕ್ಕೆ ಇಬ್ಬರು ನುಗ್ಗಿದರೆ ಒಬ್ಬ ಹೊರಗೆ ನಿಲ್ಲಬೇಕಾಗುತ್ತದೆ. ನಿರ್ಮಾಪಕ ಫ್ಲೆಮಿಂಗ್ ರಾಸ್ಮುಸೆನ್ ಮಿಕ್ಸಿಂಗ್ ಹೊತ್ತಿಗೆ ಅಲ್ಲಿರಲಿಲ್ಲ. ಬ್ಯಾಂಡಿಗೂ ಪುರುಸೊತ್ತಿರಲಿಲ್ಲ. 1988ರ ಮೇ ಕೊನೆಯಿಂದ ಜುಲೈವರೆಗೆ ಅವರು ಅಮೆರಿಕದ ‘ಮಾನ್‌ಸ್ಟರ್ಸ್ ಆಫ್ ರಾಕ್’ ಪ್ರವಾಸದಲ್ಲಿದ್ದರು. ಕಛೇರಿ ಮುಗಿಸಿ ಸ್ಟುಡಿಯೋ, ಸ್ಟುಡಿಯೋ ಮುಗಿಸಿ ಕಛೇರಿ. ನಿದ್ದೆ ಇರಲಿಲ್ಲ, ಕಿವಿ ಸೋತಿತ್ತು ಅಂತ ಹೆಟ್‌ಫೀಲ್ಡ್ ಆಮೇಲೆ ಹೇಳಿದ್ದಾನೆ. 2018ರಲ್ಲಿ ಆಲ್ಬಂ ರೀಮಾಸ್ಟರ್ ಆದಾಗಲೂ, ಅಂದರೆ ಒಟ್ಟು ಸದ್ದನ್ನು ಹೊಸದಾಗಿ ತಿದ್ದಿದಾಗಲೂ, ಮಿಕ್ಸನ್ನು ಮುಟ್ಟಲಿಲ್ಲ. ಬೇಸ್ ಏರಿಸಿದ ಆವೃತ್ತಿಗಳನ್ನು ಅಭಿಮಾನಿಗಳೇ ಮಾಡಿ ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಹುಡುಕಿದರೆ ಸಿಗುತ್ತವೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರಲಿಲ್ಲ. ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಕೇಳುವ ಧಾಟಿಗೆ.

ನಾನು ಬೆಂಗಳೂರಿನಲ್ಲಿ ಬೇಸ್ ನುಡಿಸುವವನು, ಕಲಿಸುವವನು. ಒಮ್ಮೆ ಒಂದು ಕಾಲೇಜು ಫೆಸ್ಟ್‌ನಲ್ಲಿ ನುಡಿಸಿ ವೇದಿಕೆ ಹಿಂದೆ ಕೇಬಲ್ ಸುತ್ತುತ್ತಿದ್ದೆ. ಕಪ್ಪು ಟೀ ಶರ್ಟಿನ ಹುಡುಗನೊಬ್ಬ ಗೆಳೆಯರನ್ನು ಕಟ್ಟಿಕೊಂಡು ಬಂದ. “ಅಣ್ಣಾ, ಒಂದು ಡೌಟು. ಜಸ್ಟಿಸ್ ಆಲ್ಬಂನಲ್ಲಿ ಬೇಸೇ ಇಲ್ಲ. ಆದ್ರೂ ಹಿಟ್ ಆಯ್ತಲ್ಲ. ಹಂಗಾದ್ರೆ ಬೇಸಿಸ್ಟ್ ಯಾಕೆ ಬೇಕು?” ಗೆಳೆಯರೆಲ್ಲ ಹೋ ಅಂತ ನಕ್ಕರು. “ಜೇಸನ್‌ಗೆ ಬಿಟ್ಟಿ ಸಂಬಳ ಅಲ್ವಾಣ್ಣಾ?” ಅಂತ ಇನ್ನೊಬ್ಬ. ಕೇಬಲ್ ಕೆಳಗಿಟ್ಟು, ಮೇಲಿನ ಎರಡು ಪ್ಯಾರಾದ ಉತ್ತರ ಕೊಟ್ಟೆ. ಅವರಿಗೆ ಅದು ಬೇಕಿರಲಿಲ್ಲ. ನಗೋಕೆ ಒಂದು ಮಾತು ಬೇಕಿತ್ತು, ಸಿಕ್ಕಿತು, ಊಟದ ಕೌಂಟರ್ ಕಡೆ ಹೋದರು.

ಮದುವೆ ಮನೆಯಲ್ಲಿ ಕೇಳುತ್ತಾರೆ, ಸೌಂಡ್‌ಚೆಕ್ ಮಧ್ಯೆ ಕೇಳುತ್ತಾರೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದಾಗಲೂ ಕೇಳಿದರು. ಗುರುಗ್ರಾಮದ ಕಛೇರಿ ಎರಡು ದಿನ ಮೊದಲು ರದ್ದಾಗಿತ್ತು. ಇಲ್ಲಿ ವೇದಿಕೆಯ ಮೇಲೆ ಬ್ಯಾಂಡಿನ ಬೇಸಿಸ್ಟ್ ರಾಬರ್ಟ್ ಟ್ರುಹಿಯೋ ಎದೆ ನಡುಗುವ ಹಾಗೆ ಬೇಸ್ ನುಡಿಸುತ್ತಿದ್ದ. ಅದರ ನಡುವೆಯೇ ಪಕ್ಕದವನೊಬ್ಬ ನನ್ನ ಕಿವಿಗೆ ಬಾಯಿಟ್ಟು ಜೇಸನ್ ಜೋಕು ಹೇಳಿದ. ಎದುರಿಗೆ ನಡೆಯುತ್ತಿರುವುದನ್ನು ಕೇಳಪ್ಪ ಅನ್ನಬೇಕು ಅನ್ನಿಸಿತು. ಅಂದೆ ಕೂಡ.

ಆಲ್ಬಂ ಬಗ್ಗೆ ಕೇಳುವವರು ಸಾಲುಗಟ್ಟಿ ನಿಂತಿದ್ದಾರೆ. ಅದರ ಬೆನ್ನಿಗೇ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆದ ಪ್ರವಾಸದ ಬಗ್ಗೆ ಮಾತ್ರ ಯಾರೂ ಕೇಳಲ್ಲ. 1988ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾಗಿ 1989ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನಲ್ಲಿ ಮುಗಿದ ‘ಡ್ಯಾಮೇಜ್ಡ್ ಜಸ್ಟಿಸ್’ ಪ್ರವಾಸ ಅದು. ಮೆಟಾಲಿಕಾ ಪೋಸ್ಟರಿನ ಮೇಲುಗಡೆಯ ಹೆಸರಾಗಿ ಜಗತ್ತು ಸುತ್ತಿದ ಮೊದಲ ದೊಡ್ಡ ಪ್ರವಾಸ.

ಅದಕ್ಕೆ ಮೊದಲು ಅಮೆರಿಕದಲ್ಲಿ ಅವರು ಹೆಚ್ಚಾಗಿ ಇನ್ನೊಬ್ಬರ ವೇದಿಕೆಯಲ್ಲಿ ನುಡಿಸಿದವರು. 1986ರಲ್ಲಿ ಆಜಿ ಆಸ್ಬೋರ್ನ್‌ಗೆ ಓಪನಿಂಗ್, ಅಂದರೆ ಅವನಿಗಿಂತ ಮೊದಲು ನುಡಿಸುವ ಕೆಲಸ. ಮಾನ್‌ಸ್ಟರ್ಸ್ ಆಫ್ ರಾಕ್‌ನಲ್ಲಿ ವ್ಯಾನ್ ಹೇಲನ್, ಸ್ಕಾರ್ಪಿಯನ್ಸ್, ಡಾಕನ್ ಇವರೆಲ್ಲರಿಗಿಂತ ಮುಂಚೆ, ಹಗಲು ಬೆಳಕಿನಲ್ಲಿ. ಓಪನಿಂಗ್ ಬ್ಯಾಂಡಿನ ಕಷ್ಟ ವೇದಿಕೆ ಹತ್ತಿದವರಿಗೆ ಗೊತ್ತು. ದೊಡ್ಡವರ ಸಾಮಾನನ್ನು ಬಟ್ಟೆ ಹೊದಿಸಿ ಹಿಂದೆ ಇಟ್ಟಿರುತ್ತಾರೆ, ಮುಂದೆ ಉಳಿದ ಜಾಗವಷ್ಟೇ ನಿಮ್ಮದು. ಸಮಯ ಕಡಿಮೆ. ಚೆನ್ನಾಗಿ ನುಡಿಸಿದರೆ ಲಾಭ, ಕೆಟ್ಟರೆ ಯಾರೂ ನೆನಪಿಟ್ಟುಕೊಳ್ಳಲ್ಲ. ಹೆಡ್‌ಲೈನರ್, ಅಂದರೆ ಮುಖ್ಯ ಬ್ಯಾಂಡ್, ಆದ ದಿನ ಅದೆಲ್ಲ ಬದಲಾಗುತ್ತದೆ. ಟಿಕೆಟ್ ಮಾರಾಟವಾಗುವುದು ನಿಮ್ಮ ಹೆಸರಿನಲ್ಲಿ, ಎರಡು ಗಂಟೆಗೂ ಮೇಲೆ ಜನರನ್ನು ಹಿಡಿದಿಡಬೇಕಾದವರು ನೀವು, ಬೈಸಿಕೊಳ್ಳಬೇಕಾದವರೂ ನೀವೇ. ಪ್ರವಾಸ ಶುರುವಾದಾಗ ನಾಲ್ವರಲ್ಲಿ ಯಾರಿಗೂ 26 ತುಂಬಿರಲಿಲ್ಲ.

ಯೂರೋಪ್‌ನಲ್ಲಿ ಡ್ಯಾನ್‌ಜಿಗ್, ಅಮೆರಿಕದಲ್ಲಿ ಕ್ವೀನ್ಸ್‌ರೈಕ್, ಆಮೇಲೆ ದ ಕಲ್ಟ್ ಬ್ಯಾಂಡಿನವರು ಮೆಟಾಲಿಕಾಗೆ ಓಪನಿಂಗ್ ಮಾಡಿದರು. ನಡುವೆ 1989ರ ಫೆಬ್ರವರಿಯಲ್ಲಿ ಗ್ರ್ಯಾಮಿ ಸಮಾರಂಭದಲ್ಲಿ ಮೆಟಾಲಿಕಾದವರು ಅದೇ ಆಲ್ಬಂನ ‘ಒನ್’ ನುಡಿಸಿದರು, ಪ್ರಶಸ್ತಿ ಜೆತ್ರೋ ಟಲ್ ಬ್ಯಾಂಡಿಗೆ ಹೋಯಿತು. ಆ ಗ್ರ್ಯಾಮಿ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ವೇದಿಕೆಯಲ್ಲಿ ಆಲ್ಬಂ ಮುಖಪುಟದ ನ್ಯಾಯದೇವತೆಯ ದೊಡ್ಡ ಪ್ರತಿಮೆ ಇರುತ್ತಿತ್ತು, ಅಭಿಮಾನಿಗಳಿಗೆ ಆಕೆ ‘ಡೋರಿಸ್’. ದಿನಾ ರಾತ್ರಿ ಆಕೆ ಮುರಿದು ಬೀಳುತ್ತಿದ್ದಳು, ಮಾರನೆಯ ಊರಿನಲ್ಲಿ ಮತ್ತೆ ಎದ್ದು ನಿಲ್ಲುತ್ತಿದ್ದಳು.

ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: ಆ ಒಂದು ವರ್ಷ ಬೇಸ್ ಹಿಡಿದು ನಿಂತವನು ಏನು ಮಾಡಿದ?

ಜೇಸನ್ ಯಾರ ಜಾಗಕ್ಕೆ ಬಂದ ಅನ್ನುವುದನ್ನು ಮರೆತರೆ ಇದಕ್ಕೆ ಅರ್ಥವಿಲ್ಲ. 1986ರ ಸೆಪ್ಟೆಂಬರ್ 27ರ ನಸುಕಿನಲ್ಲಿ ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ಸು ಮಗುಚಿ ಕ್ಲಿಫ್ ಬರ್ಟನ್ ಸತ್ತ. ವಯಸ್ಸು 24. ಬೇಸನ್ನು ಮುಂದೆ ನಿಂತು ಹಾಡುವ ವಾದ್ಯ ಮಾಡಿದವನು ಅವನು, ಬೆರಳಿನಲ್ಲೇ ನುಡಿಸುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಜೇಸನ್ ಬಂದ, ನವೆಂಬರ್‌ನಲ್ಲಿ ವೇದಿಕೆ ಹತ್ತಿದ. ಅವನು ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಹಿಡಿದು ನುಡಿಸುವವನು. ಉಳಿದ ಮೂವರು ದುಃಖವನ್ನು ಎಲ್ಲಿ ಇಳಿಸಬೇಕೆಂದು ಗೊತ್ತಾಗದೆ ಹೊಸಬನ ಮೇಲೆ ಇಳಿಸಿದರು. ಕಾಡಿಸಿದ್ದನ್ನು ಅವರೇ ಒಪ್ಪಿಕೊಂಡಿದ್ದಾರೆ. ಆಮೇಲೆ ಆಲ್ಬಂ. ತನ್ನ ಭಾಗವನ್ನು ಸಹಾಯಕ ಇಂಜಿನಿಯರ್ ಜೊತೆ ಒಬ್ಬನೇ ಕೂತು ರೆಕಾರ್ಡ್ ಮಾಡಿದ. ಆಲ್ಬಂ ಹೊರಬಂದಾಗ ಆ ಭಾಗವೇ ಕಾಣೆ. ಅದಾದ ಕೂಡಲೇ ಆ ಹಾಡುಗಳನ್ನು ಹೊತ್ತು ಜಗತ್ತು ಸುತ್ತಬೇಕು.

ಈಗ ಸಿಯಾಟಲ್ ಕೇಳಿ. ಅದೇ ಪ್ರವಾಸದಲ್ಲಿ ಅಲ್ಲಿ ನಡೆದ 1989ರ ಆಗಸ್ಟ್ 29 ಮತ್ತು 30ರ ಕಛೇರಿಗಳನ್ನು ಚಿತ್ರೀಕರಿಸಿ 1993ರ ‘ಬಿಂಜ್ ಅಂಡ್ ಪರ್ಜ್’ ಪೆಟ್ಟಿಗೆಯಲ್ಲಿ ವಿಡಿಯೋ ಕ್ಯಾಸೆಟ್ಟಾಗಿ ಹೊರತಂದರು. ನನ್ನ ವಿದ್ಯಾರ್ಥಿಗಳಿಗೆಲ್ಲ ಇದನ್ನು ತೋರಿಸುತ್ತೇನೆ, ಮೊದಲ ಎರಡು ಹಾಡನ್ನು ಮತ್ತೆ ಮತ್ತೆ ಹಾಕುತ್ತೇನೆ.

ಮೊದಲನೆಯದು ‘ಬ್ಲ್ಯಾಕನ್ಡ್’. ಆ ಆಲ್ಬಂನಲ್ಲಿ ರಚನೆಕಾರರ ಸಾಲಿನಲ್ಲಿ ಜೇಸನ್ ಹೆಸರಿರುವ ಒಂದೇ ಹಾಡು. ಯಾವ ಆಲ್ಬಂನಲ್ಲಿ ಅವನ ಸದ್ದು ಅಡಗಿಸಿದರೋ ಅದರ ಹೆಸರಿನ ಪ್ರವಾಸದ ಬಾಗಿಲು ತೆಗೆದದ್ದು ಅವನ ಹಾಡು. ಸಿಯಾಟಲ್‌ನಲ್ಲಿ ಅದಕ್ಕೆ ತಳ ಇದೆ. ಗಿಟಾರ್ ಕಡಿದು ನಿಲ್ಲಿಸುವ ಕಡೆಯಲ್ಲೆಲ್ಲ ಡ್ರಮ್ಮಿನ ಜೊತೆ ಒಂದು ತೂಕ ಬಂದು ಕೂರುತ್ತದೆ. ಮೃದಂಗದ ಎಡಗೈ ಹೊಡೆತ ನಿಂತಾಗ ಮಾತ್ರ ನಮಗೆ ಗೊತ್ತಾಗುತ್ತದಲ್ಲ, ಹಾಗೆ ಸ್ಟುಡಿಯೋ ಆವೃತ್ತಿಯಲ್ಲಿ ಏನು ಕಾಣೆಯಾಗಿತ್ತು ಅನ್ನುವುದು ಇಲ್ಲಿ ತಿಳಿಯುತ್ತದೆ.

ಎರಡನೆಯದು ‘ಫಾರ್ ಹೂಮ್ ದ ಬೆಲ್ ಟೋಲ್ಸ್’. 1984ರ ಹಾಡು. ಆರಂಭದಲ್ಲಿ ಗಿಟಾರ್ ಅಂತ ಎಲ್ಲರೂ ಅಂದುಕೊಳ್ಳುವ ಆ ಚೀರುವ ಎಳೆ ನಿಜವಾಗಿ ಬೇಸ್, ಬರ್ಟನ್‌ನ ಬೇಸ್. ಮೊದಲ ಹಾಡಿನಲ್ಲಿ ಜೇಸನ್ ತನ್ನದನ್ನು ನುಡಿಸುತ್ತಾನೆ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಸತ್ತವನ ಹಾಡು ಎತ್ತಿಕೊಳ್ಳಬೇಕು. ಎದುರಿಗಿರುವ ಸಾವಿರಾರು ಜನಕ್ಕೆ ಆ ಎಳೆ ಬಾಯಿಪಾಠ, ಅದು ಯಾರದ್ದು ಅನ್ನುವುದೂ ಗೊತ್ತು. ಒಂದು ಸ್ವರ ಆಚೀಚೆ ಆದರೆ ಕ್ಷಮಿಸುವವರಲ್ಲ. ಕ್ಲಿಫ್ ಥರ ನುಡಿಸಿದರೆ ನಕಲು, ಬೇರೆ ಥರ ನುಡಿಸಿದರೆ ಅಪಚಾರ. ಜೇಸನ್ ಮಾಡಿದ್ದನ್ನು ನೋಡಿ. ಸ್ವರಗಳನ್ನು ಮುಟ್ಟುವುದಿಲ್ಲ, ಹೊಡೆತ ಮಾತ್ರ ತನ್ನದು: ಪಿಕ್ಕಿನ ಗಟ್ಟಿ ಏಟು, ಬಗ್ಗಿಸಿದ ಕತ್ತು, ಬೀಸುವ ತಲೆ. ಮುಂದೆ ‘ಕ್ರೀಪಿಂಗ್ ಡೆತ್’ ಬಂದಾಗ ನಡುವಿನ “ಡೈ” ಕೂಗನ್ನು ಎತ್ತುವವನೂ ಅವನೇ. ಹೆಟ್‌ಫೀಲ್ಡ್‌ನ ಹಾಡಿಕೆಯ ಹಿಂದೆ ಅವನ ಒರಟು ಗಂಟಲು ಸದಾ ಇದೆ. ಒಂದು ಬೇಸ್ ಸೋಲೋ ಕೂಡ ಅವನಿಗೆ ಸಿಕ್ಕಿತ್ತು. ಬಿಟ್ಟಿ ಸಂಬಳ ಅಂದವನನ್ನು ಕೂರಿಸಿ ತೋರಿಸಬೇಕಾದ ವಿಡಿಯೋ ಇದು.

ನುಡಿಸುವವರಿಗೆ ಇನ್ನೊಂದು ಸಂಗತಿ ಮುಖ್ಯ. ಸ್ಟುಡಿಯೋದಲ್ಲಿ ಯಾರನ್ನು ಏರಿಸಬೇಕು, ಯಾರನ್ನು ಇಳಿಸಬೇಕು ಅಂತ ಇಬ್ಬರು ಕೂತು ತೀರ್ಮಾನಿಸಬಹುದು. ವೇದಿಕೆಯಲ್ಲಿ ಲಾರ್ಸ್‌ಗೆ ಡ್ರಮ್ ಬಿಟ್ಟು ಏಳೋಕಾಗಲ್ಲ. ಸದ್ದಿನ ಬೋರ್ಡಿನ ಮುಂದೆ ಇದ್ದವರು 1984ರಿಂದ ಅವರ ಜೊತೆಗಿದ್ದ ‘ಬಿಗ್ ಮಿಕ್’ ಹ್ಯೂಸ್. ದೊಡ್ಡ ಅಖಾಡ ತುಂಬಬೇಕಾದರೆ ಕೆಳಗಿನ ಸದ್ದು ಬೇಕೇಬೇಕು. ಅದಿಲ್ಲದೆ ಹಿಂದಿನ ಸಾಲಿಗೆ ತಲುಪುವುದು ಬರೀ ಕಿರುಚಾಟ.

ಆ ಪ್ರವಾಸ ಬ್ಯಾಂಡನ್ನೇ ಬದಲಾಯಿಸಿತು. ‘...ಆಂಡ್ ಜಸ್ಟಿಸ್ ಫಾರ್ ಆಲ್’ ಹಾಡು ಹತ್ತಿರ ಹತ್ತು ನಿಮಿಷದ್ದು. ಎಂಟೊಂಬತ್ತು ನಿಮಿಷ ಕಳೆಯುತ್ತಿದ್ದಂತೆ ಮುಂದಿನ ಸಾಲಿನವರು ಆಕಳಿಸುವುದು ವೇದಿಕೆಯಿಂದ ಕಾಣುತ್ತಿತ್ತು, ಒಂದು ರಾತ್ರಿ ಇಳಿದು ಬಂದು ಇದೇ ಕೊನೆ ಅಂತ ಅಂದುಕೊಂಡೆವು ಎಂದು ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ನೆನಪಿಸಿಕೊಂಡಿದ್ದಾನೆ. ಮತ್ತೆ ಆ ಹಾಡನ್ನು ಪೂರ್ತಿಯಾಗಿ ನುಡಿಸಿದ್ದು 2007ರಲ್ಲಿ. ತಮ್ಮದೇ ಹೆಸರಿನಲ್ಲಿ ಬಂದ ಜನ ತಮ್ಮೆದುರೇ ಆಕಳಿಸಿದ್ದನ್ನು ಕಂಡವರು ಮುಂದಿನ ಆಲ್ಬಂಗೆ ಹಾಡುಗಳನ್ನು ಚಿಕ್ಕದು ಮಾಡಿದರು. ಬಾಬ್ ರಾಕ್ ಎಂಬ ನಿರ್ಮಾಪಕನನ್ನು ಕರೆದರು. ಆತ ನಾಲ್ವರೂ ಒಂದೇ ಕೋಣೆಯಲ್ಲಿ ಕೂಡಿ ನುಡಿಸುವಂತೆ ಮಾಡಿದ, ಬೇಸ್ ಮತ್ತು ಡ್ರಮ್ಮನ್ನು ಒಂದಕ್ಕೊಂದು ಬೆಸೆದ. 1991ರ ಆಗಸ್ಟ್‌ನಲ್ಲಿ ಬಂದ ಆ ಕಪ್ಪು ಮುಖಪುಟದ ಆಲ್ಬಂ ಕೇಳಿ ಯಾರೂ ಬೇಸ್ ಎಲ್ಲಿ ಅಂತ ಕೇಳಿದ್ದಿಲ್ಲ.

ಅದರಲ್ಲಿ ‘ಮೈ ಫ್ರೆಂಡ್ ಆಫ್ ಮಿಸರಿ’ ಶುರುವಾಗುವುದು ಬೇಸ್‌ನಿಂದ, ರಚನೆಯಲ್ಲೂ ಜೇಸನ್ ಪಾಲಿದೆ. ಮೊದಲು ಅದನ್ನು ಕೇಳಿ, ಆಮೇಲೆ ಸಿಯಾಟಲ್‌ನ ಎರಡು ಹಾಡು. ಅಷ್ಟು ಮಾಡಿ ಬಂದವರು ರಾತ್ರಿ ಎಷ್ಟೇ ಹೊತ್ತಾಗಿರಲಿ, ಏನು ಬೇಕಾದರೂ ಕೇಳಿ, ಕೂತು ಉತ್ತರ ಕೊಡುತ್ತೇನೆ.